ಓದುಗರ ಪ್ರಶ್ನೆ, ಬಲ್ಲವರ ಉತ್ತರ: ದೊಡ್ಡವರಿಗೆ ಮೊಬೈಲ್ ಪಾಠ

ದೊಡ್ಡ ವಯಸ್ಸಿನವರಿಗೆ ಮೊಬೈಲು, ಕಂಪ್ಯೂಟರು ಹೇಳಿಕೊಡುವವರಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬಹುಪಾಲು ಮೈಸೂರು, ಮಂಡ್ಯ ಜಿಲ್ಲೆಯವು. ಹೆಸರು ಬೇಡವೆಂದವರು ಹೆಚ್ಚಿದ್ದರಿಂದ ಊರು ಮಾತ್ರ ಹಾಕಿದ್ದೇವೆ. ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ಒಳಜಾಗಗಳು ಕಂಪನಿಯಿಂದ ಕಂಪನಿಗೆ ಬೇರೆ. ಇಲ್ಲಿ ಹೇಳಿದ್ದು ಕಣ್ಣಿಗೆ ಬೀಳದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಗಡೆ ಇರುವ ಹುಡುಕುವ ಜಾಗದಲ್ಲಿ ಆ ಹೆಸರನ್ನೇ ಬರೆದು ನೋಡಿ.

ಪ್ರಶ್ನೆ: ನಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಹದಿನಾರು ಹೆಣ್ಣುಮಕ್ಕಳಿಗೆ ವಾರಕ್ಕೆರಡು ದಿನ ಸ್ಮಾರ್ಟ್‌ಫೋನ್ ಹೇಳಿಕೊಡುತ್ತಿದ್ದೇವೆ. ಹೆಚ್ಚಿನವರು ನಲವತ್ತೈದು ದಾಟಿದವರು. ಕೊನೆಗೆ ಸರಿಯುತ್ತರಕ್ಕೆ ಗುರುತು ಹಾಕುವ ಇಪ್ಪತ್ತೈದು ಪ್ರಶ್ನೆಗಳ ಪತ್ರಿಕೆ ಕೊಟ್ಟೆವು. ಎಲ್ಲರೂ ಪಾಸು. ಮಾರನೇ ವಾರ ಗೃಹಲಕ್ಷ್ಮಿ ದುಡ್ಡು ಬಂದಿದೆಯಾ ಮೆಸೇಜ್ ತೆಗೆದು ನೋಡಿ ಎಂದರೆ ಅರ್ಧಕ್ಕರ್ಧ ಜನ ಫೋನನ್ನು ನಮ್ಮ ಕೈಗೇ ಕೊಟ್ಟರು. ಹಾಗಾದರೆ ಪರೀಕ್ಷೆ ಹೇಗೆ ಮಾಡಬೇಕು?
– ಮಳವಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಪತ್ರಿಕೆ ಹೆಸರುಗಳ ನೆನಪನ್ನು ಅಳೆಯಿತು, ಕೈಯ ಕೆಲಸವನ್ನಲ್ಲ. ವೈಫೈ ಎಂದರೇನು ಎಂದು ಗುರುತು ಹಾಕಿದವರಿಗೆ ವೈಫೈ ಹಾಕಲು ಬರಬೇಕೆಂದಿಲ್ಲ. ಹಾಕಲು ಬರುವವರಿಗೆ ಅದರ ಹೆಸರು ಗೊತ್ತಿರಬೇಕೆಂದೂ ಇಲ್ಲ. 2017ರಲ್ಲಿ ಶುರುವಾಗಿ 2024ರ ಮಾರ್ಚ್‌ಗೆ ಮುಗಿದ ಪ್ರಧಾನ ಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನದಲ್ಲಿ 20 ಗಂಟೆ ತರಬೇತಿ, ಆಮೇಲೆ ಆನ್‌ಲೈನ್ ಪರೀಕ್ಷೆ ಇತ್ತು. ಆರು ಕೋಟಿ ಜನರ ಗುರಿ ಇಟ್ಟುಕೊಂಡ ಯೋಜನೆಗೆ ಯಂತ್ರವೇ ಅಂಕ ಹಾಕುವ ಪರೀಕ್ಷೆ ಬೇಕಿತ್ತು. ಹದಿನಾರು ಜನರ ಕೊಠಡಿಗೆ ಆ ಕಟ್ಟುಪಾಡಿಲ್ಲ. ಒಬ್ಬೊಬ್ಬರ ಪಕ್ಕ ಕೂತು ನೋಡುವಷ್ಟು ಬಿಡುವು ನಿಮಗಿದೆ.

ಆರು ಕೆಲಸ ಕೊಡಿ. ಬಟನ್ನಿನ ಹೆಸರು ಹೇಳಬೇಡಿ, ಸಂದರ್ಭ ಹೇಳಿ. 'ಮೈಕ್ ಗುರುತು ಒತ್ತಿ' ಎಂದರೆ ಅರ್ಧ ಉತ್ತರ ನೀವೇ ಕೊಟ್ಟಂತಾಯಿತು. 'ಮಗಳು ಫೋನ್ ತೆಗೀತಾ ಇಲ್ಲ, ಸಂಜೆ ಬಸ್ಸಿಗೆ ಬರ್ತೀನಿ ಅಂತ ಅವಳಿಗೆ ಮಾತಲ್ಲೇ ಕಳಿಸಿ' ಅನ್ನಿ.

ಮೊದಲನೆಯದು: ನೀವು ಎರಡು ಸಲ ಓದಿ ಹೇಳಿದ ಹತ್ತಂಕಿಯ ನಂಬರನ್ನು ಹೆಸರು ಹಾಕಿ ಉಳಿಸುವುದು, ಆಮೇಲೆ ಆ ಹೆಸರನ್ನೇ ಹುಡುಕಿ ಕರೆ ಮಾಡುವುದು. ಈಚಿನ ಕರೆಗಳ ಪಟ್ಟಿಯಿಂದ ಮಾಡಿದರೆ ಲೆಕ್ಕಕ್ಕಿಲ್ಲ. ಎರಡನೆಯದು: ಬ್ಯಾಂಕಿನಿಂದ ಬಂದ ಕೊನೆಯ ಮೆಸೇಜ್ ತೆಗೆದು ಎಷ್ಟು ರೂಪಾಯಿ, ಯಾವ ತಾರೀಖು, ಬಂದದ್ದೋ ಹೋದದ್ದೋ ಹೇಳುವುದು. ಮೂರನೆಯದು: ಪಹಣಿ ಅಥವಾ ರೇಷನ್ ಕಾರ್ಡಿನ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ನೀವು ಹೇಳಿದವರಿಗೆ ಕಳಿಸುವುದು. ಕಳಿಸಿದ ಫೋಟೊದಲ್ಲಿ ಸರ್ವೆ ನಂಬರ್ ಓದಲು ಬರಬೇಕು. ನಾಲ್ಕನೆಯದು: ಸೆಸ್ಕ್ ಕರೆಂಟ್ ಬಿಲ್ಲಿನ ಮೇಲಿರುವ ಖಾತೆ ಸಂಖ್ಯೆ ಹಾಕಿ ಕಟ್ಟಬೇಕಾದ ಮೊತ್ತ ನೋಡಿ, ಹಣ ಕಟ್ಟದೆ ಹೊರಗೆ ಬರುವುದು. ಗೃಹಜ್ಯೋತಿಯಿಂದ ಬಾಕಿ ಏನೂ ಇಲ್ಲದಿದ್ದರೆ, ಬಾಕಿ ಇಲ್ಲ ಎಂದು ತೆರೆ ತೋರಿಸಿದ್ದನ್ನು ಅರ್ಥ ಮಾಡಿಕೊಂಡರೆ ಸಾಕು. ಐದನೆಯದು: ನೆಟ್ ಹೋಗಿದೆ ಎಂದು ಹೇಳಿ ನೀವೇ ಮೊದಲು ಡೇಟಾ ಆಫ್ ಮಾಡಿ ಕೊಟ್ಟ ಫೋನನ್ನು ಸರಿಮಾಡುವುದು. ಆರನೆಯದು: ನೀವು ಸಿದ್ಧಮಾಡಿಟ್ಟ ಮೂರು ಮೆಸೇಜುಗಳಲ್ಲಿ ಮುಟ್ಟಬಾರದ್ದು ಯಾವುದು, ಏಕೆ ಎಂದು ಹೇಳುವುದು.

ಒಂದೊಂದಕ್ಕೂ ಮೂರು ಅಂಕ. ತಾವಾಗಿ ಮಾಡಿದರೆ ಮೂರು. 'ಮುಂದೇನು ಮಾಡ್ತೀರಿ?' ಎಂಬ ಒಂದೇ ಮಾತಿಗೆ ದಾರಿ ಸಿಕ್ಕರೆ ಎರಡು. ಎಲ್ಲಿ ಮುಟ್ಟಬೇಕೆಂದು ನೀವು ತೋರಿಸಿದರೆ ಒಂದು. ಬೇರೆಯವರ ಬೆರಳು ತೆರೆಗೆ ತಾಗಿದರೆ ಸೊನ್ನೆ. ಒಂದು ಕೆಲಸಕ್ಕೆ ನಾಲ್ಕು ನಿಮಿಷ ಮಿತಿ ಇಡಿ, ಆದರೆ ಬೇಗ ಮಾಡಿದವರಿಗೆ ಹೆಚ್ಚು ಅಂಕ ಬೇಡ. ಅಂಕದ ಪಕ್ಕ ಇನ್ನೊಂದು ಕಲಂ ಹಾಕಿ, ಎಲ್ಲಿ ನಿಂತರು ಎಂದು ನಾಲ್ಕು ಪದ ಬರೆಯಿರಿ: 'ಕೀಬೋರ್ಡ್ ಮುಚ್ಚಲು ಬರಲಿಲ್ಲ', 'ಇನ್ನೊಬ್ಬರ ಹೆಸರಿಗೆ ಹೋಯಿತು'. ಮುಂದಿನ ತಂಡಕ್ಕೆ ಏನು ಕಲಿಸಬೇಕೆಂದು ಹೇಳುವುದು ಈ ಕಲಮ್ಮೇ, ಅಂಕವಲ್ಲ.

ಒಟ್ಟು ಹದಿನೆಂಟಕ್ಕೆ ಇಷ್ಟು ಬಂದರೆ ಪಾಸು ಎಂಬ ಲೆಕ್ಕಕ್ಕೆ ಹೋಗಬೇಡಿ. ಅಮೆರಿಕದ ಮಿನ್ನೆಸೋಟದಲ್ಲಿ ಹುಟ್ಟಿದ ನಾರ್ತ್‌ಸ್ಟಾರ್ ಎಂಬ ವಯಸ್ಕರ ಡಿಜಿಟಲ್ ಪರೀಕ್ಷೆಯಲ್ಲಿ, ಮೇಲ್ವಿಚಾರಕರ ಎದುರು ಕೂತು ಶೇ. 85 ತೆಗೆದವರಿಗೆ ಪ್ರಮಾಣಪತ್ರ ಕೊಡುತ್ತಾರೆ. ಕಡತ ಹುಡುಕುವುದು, ಇಮೇಲ್ ಕಳಿಸುವುದು ಇಂಥವಕ್ಕೆ ಅದು ಸರಿ. ಆದರೆ ದುಡ್ಡಿನ ವಿಷಯದಲ್ಲಿ ಸರಾಸರಿ ಮೋಸ ಮಾಡುತ್ತದೆ. ಐದು ಕೆಲಸದಲ್ಲಿ ಪೂರ್ತಿ ಅಂಕ ತೆಗೆದು ಆರನೆಯದರಲ್ಲಿ ಲಿಂಕ್ ಮುಟ್ಟಿದವರಿಗೆ ಹದಿನೆಂಟಕ್ಕೆ ಹದಿನೈದು ಬರುತ್ತದೆ, ಮನೆಗೆ ಹೋದಮೇಲೆ ಖಾತೆ ಖಾಲಿಯಾಗುತ್ತದೆ. ಆದ್ದರಿಂದ ನಿಯಮ ಹೀಗಿರಲಿ: ಎರಡನೆಯ ಮತ್ತು ಆರನೆಯ ಕೆಲಸದಲ್ಲಿ ಮೂರಕ್ಕೆ ಮೂರು ಬರಲೇಬೇಕು, ಉಳಿದವುಗಳಲ್ಲಿ ಎರಡಕ್ಕಿಂತ ಕಡಿಮೆಯಾಗಬಾರದು.

ಪರೀಕ್ಷೆ ನೋಡುವವರು ಪಾಠ ಮಾಡಿದವರಾಗದಿದ್ದರೆ ಒಳ್ಳೆಯದು. ಕಲಿಯುವವರು ತೆರೆಯನ್ನು ನೋಡುವುದಕ್ಕಿಂತ ಟೀಚರ ಮುಖ ನೋಡಿ ಬೆರಳಾಡಿಸುವುದು ಹೆಚ್ಚು. ಹುಬ್ಬು ಮೇಲೇರಿದರೆ ಬೆರಳು ನಿಲ್ಲುತ್ತದೆ, ತಲೆ ಆಡಿದರೆ ಮುಂದೆ ಹೋಗುತ್ತದೆ. ಎದುರಿಗೆ ಕೂರದೆ ಭುಜದ ಹಿಂದೆ ಕುರ್ಚಿ ಹಾಕಿಕೊಳ್ಳಿ. ಒಬ್ಬರಿಗೆ ಇಪ್ಪತ್ತೈದು ನಿಮಿಷ ಹಿಡಿದರೂ, ನೋಡುವವರು ಇಬ್ಬರಿದ್ದರೆ ಹದಿನಾರು ಜನಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷ. ಎರಡು ತರಗತಿಗಳಲ್ಲಿ ಮುಗಿಯುತ್ತದೆ.

ಕಡೆಯದೊಂದು ಮಾತು. ಪಾಠ ಮುಗಿದ ದಿನವೇ ಮಾಡಿದ ಪರೀಕ್ಷೆಗೆ ಬೆಲೆ ಕಡಿಮೆ. ಮೂರು ವಾರ ಬಿಟ್ಟು ಅದೇ ಆರರಲ್ಲಿ ಎರಡನ್ನು ಮತ್ತೆ ಮಾಡಿಸಿ, ಅದರಲ್ಲೊಂದನ್ನು ಬೇರೆ ಕಂಪನಿಯ ಫೋನಿನಲ್ಲಿ. ಹಸಿರು ಗುರುತು ಎಡಗಡೆ ಕೆಳಗಿದೆ ಎಂದಷ್ಟೇ ಕಲಿತವರು ಅಲ್ಲಿ ಸಿಕ್ಕಿಬೀಳುತ್ತಾರೆ. ಆ್ಯಪ್ ಅಪ್‌ಡೇಟ್ ಆಗಿ ಗುರುತು ಜಾಗ ಬದಲಿಸಿದಾಗ ಅವರಿಗೆ ಆಗುವುದೂ ಅದೇ.

ಪ್ರಶ್ನೆ: ನಮ್ಮ ಬಡಾವಣೆಯ ಹಿರಿಯ ನಾಗರಿಕರ ಬಳಗಕ್ಕೆ ಪಾಠ ಶುರುಮಾಡುತ್ತಿದ್ದೇವೆ. ಒಬ್ಬರಿಗೆ ಎಲ್ಲ ಬರುತ್ತದೆ, ಇನ್ನೊಬ್ಬರಿಗೆ ಆನ್ ಮಾಡಲೂ ಬಾರದು. ಕೇಳಿದರೆ ಎಲ್ಲರೂ 'ಸ್ವಲ್ಪ ಸ್ವಲ್ಪ ಬರುತ್ತೆ' ಎನ್ನುತ್ತಾರೆ. ಹೇಗೆ ವಿಂಗಡಿಸುವುದು?
– ಸರಸ್ವತಿಪುರಂ, ಮೈಸೂರು

ಉತ್ತರ: ಕೇಳಬೇಡಿ, ಮಾಡಿ ತೋರಿಸಲು ಹೇಳಿ. ನಿವೃತ್ತ ಅಧಿಕಾರಿಗಳು ಬಾರದ್ದನ್ನು ಬರುತ್ತದೆ ಎನ್ನುತ್ತಾರೆ, ಮನೆಯ ಹೆಂಗಸರು ಬರುವುದನ್ನೂ ಬಾರದು ಎನ್ನುತ್ತಾರೆ. ಹತ್ತು ನಿಮಿಷದ ಐದು ಕೆಲಸ ಸಾಕು: ಫೋನಿನ ಸದ್ದು ಕಡಿಮೆ ಮಾಡುವುದು, ನೀವು ತೆರೆದುಕೊಟ್ಟ ಯಾವುದೋ ಆ್ಯಪಿನಿಂದ ಮೊದಲ ತೆರೆಗೆ ಮರಳುವುದು, ಕೊನೆಗೆ ಬಂದ ಎಸ್ಸೆಮ್ಮೆಸ್ ಓದುವುದು, ಒಂದು ದೊಡ್ಡಕ್ಷರ, ಎರಡು ಅಂಕಿ ಇರುವ ಪಾಸ್‌ವರ್ಡ್ ಹಾಕಿ ವೈಫೈ ಸೇರುವುದು, ಈಗಷ್ಟೇ ತೆಗೆದ ಫೋಟೊ ಹುಡುಕಿ ಅಳಿಸುವುದು. ಸೊನ್ನೆ ಅಥವಾ ಒಂದು ಮಾಡಿದವರು ಒಂದು ಗುಂಪು, ಎರಡು ಮೂರು ಮಾಡಿದವರು ಒಂದು, ಉಳಿದವರು ಒಂದು. ಒಬ್ಬ ಕಲಿಸುವವರಿಗೆ ಆರು ಜನಕ್ಕಿಂತ ಹೆಚ್ಚು ಬೇಡ.

ಒಂದನ್ನೇ ನೋಡಲು ಸಮಯವಿದ್ದರೆ ಎರಡನೆಯದನ್ನು ನೋಡಿ. ಹೊರಗೆ ಬರುವ ದಾರಿ ಗೊತ್ತಿರುವವರು ಒಳಗೆ ಹೋಗಲು ಹೆದರುವುದಿಲ್ಲ. ಹೆದರದವರು ಮನೆಯಲ್ಲೂ ಮುಟ್ಟಿ ನೋಡುತ್ತಾರೆ, ಕಲಿಯುವುದು ಅಲ್ಲಿ. ಹಾಗಾಗಿ ಮೊದಲ ಗುಂಪಿಗೆ ಮೊದಲ ದಿನ ಬೇರೇನೂ ಬೇಡ. ಹತ್ತು ಆ್ಯಪು ತೆರೆದು, ಹತ್ತರಿಂದಲೂ ಹೊರಗೆ ಬರಲಿ.

ಪ್ರಶ್ನೆ: ಗದ್ದೆ ಕೆಲಸ ಮಾಡಿದ ಕೈ. ಎಷ್ಟು ಮುಟ್ಟಿದರೂ ಫೋನ್ ಕೇಳುವುದಿಲ್ಲ, ಕೇಳಿದರೆ ಚಿತ್ರಗಳೆಲ್ಲ ಜಾಗ ಬಿಟ್ಟು ಓಡಾಡುತ್ತವೆ, ಕೆಲವು ಮಾಯವೇ ಆಗುತ್ತವೆ. 'ಇದು ನಮ್ಮ ಕೈಗೆ ಆಗಾಕಿಲ್ಲ ಬಿಡವ್ವ' ಎಂದು ಎದ್ದು ಹೋಗುತ್ತಾರೆ. ಇದಕ್ಕೇನು ಮಾಡುವುದು?
– ಪಾಂಡವಪುರ

ಉತ್ತರ: ಇದು ಬುದ್ಧಿಯ ತೊಂದರೆಯಲ್ಲ, ಚರ್ಮದ್ದು ಮತ್ತು ಸಮಯದ್ದು. ತರಗತಿ ಬಿಟ್ಟು ಹೋಗುವವರಲ್ಲಿ ಬಹಳ ಜನ ಇಲ್ಲೇ ಸೋಲುತ್ತಾರೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಸ್ಮಾರ್ಟ್‌ಫೋನಿನ ಗಾಜು ಒತ್ತಡವನ್ನು ಅಳೆಯುವುದಿಲ್ಲ. ಬೆರಳು ಹತ್ತಿರ ಬಂದಾಗ ತೆರೆಯ ವಿದ್ಯುತ್ ಕ್ಷೇತ್ರದಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಗುರುತಿಸುತ್ತದೆ. ಚರ್ಮ ಒಣಗಿ ದಡ್ಡುಗಟ್ಟಿದ್ದರೆ ಆ ಬದಲಾವಣೆ ಸಾಲುವುದಿಲ್ಲ. ಆಗ ಜನ ಇನ್ನಷ್ಟು ಜೋರಾಗಿ, ಇನ್ನಷ್ಟು ಹೊತ್ತು ಒತ್ತುತ್ತಾರೆ. ಅರ್ಧ ಸೆಕೆಂಡಿನಷ್ಟು ಬೆರಳು ನಿಂತರೆ ಫೋನು ಅದನ್ನು ಒತ್ತಿ ಹಿಡಿದದ್ದೆಂದು ತಿಳಿಯುತ್ತದೆ. ಗುರುತುಗಳು ಕದಲುವುದು, ತೆಗೆದುಹಾಕು ಎಂಬ ಜಾಗಕ್ಕೆ ಸರಿದು ಮಾಯವಾಗುವುದು ಅದರಿಂದ. ಹೀಗೆ ಮಾಯವಾದ ಆ್ಯಪ್ ಸಾಮಾನ್ಯವಾಗಿ ಪೂರ್ತಿ ಅಳಿದಿರುವುದಿಲ್ಲ, ಆ್ಯಪುಗಳ ಪಟ್ಟಿಯಲ್ಲಿ ಇರುತ್ತದೆ. ಅದನ್ನು ಮೊದಲೇ ಹೇಳಿದರೆ ಅರ್ಧ ಭಯ ಹೋಗುತ್ತದೆ.

ಕೈ ತೊಳೆದು ಒರೆಸಿಕೊಂಡು ಕೂರಲಿ. ತೊಳೆದ ಹೊಸತರಲ್ಲಿ ಚರ್ಮಕ್ಕೆ ಸ್ವಲ್ಪ ಪಸೆ ಇರುತ್ತದೆ. ಒದ್ದೆ ಕೈಯಾದರೆ ತೆರೆ ಇನ್ನೂ ಗಲಿಬಿಲಿಗೊಳ್ಳುತ್ತದೆ. ಬೆರಳನ್ನು ನೆಟ್ಟಗೆ ನಿಲ್ಲಿಸಿ ಮುಟ್ಟುವವರಿಗೆ ತಾಗುವುದು ಉಗುರು, ಉಗುರಿಗೆ ತೆರೆ ಓಗೊಡುವುದಿಲ್ಲ. ಬೆರಳನ್ನು ಒರಗಿಸಿ, ಮೆತ್ತನೆಯ ಭಾಗದಿಂದ ಮುಟ್ಟಿಸಿ. ತೋರುಬೆರಳು ದಡ್ಡಾಗಿದ್ದರೆ ಉಂಗುರದ ಬೆರಳಿನಲ್ಲಿ ನೋಡಿ, ಹಲವರಿಗೆ ಅದು ಮೆತ್ತಗಿರುತ್ತದೆ. ಫೋನನ್ನು ಮೇಜಿನ ಮೇಲಿಡಿ. ಎಡಗೈಯಲ್ಲಿ ಬಿಗಿಯಾಗಿ ಹಿಡಿದರೆ ಹೆಬ್ಬೆರಳ ಬುಡ ತೆರೆಯ ಅಂಚಿಗೆ ತಾಗಿ, ಎರಡು ಕಡೆ ಮುಟ್ಟಿದಂತೆ ಫೋನಿಗೆ ಕಾಣುತ್ತದೆ. ತೆರೆಗೆ ದಪ್ಪ ಗಾಜಿನ ಗಾರ್ಡ್ ಅಂಟಿಸಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸ್ಪರ್ಶ ಸೂಕ್ಷ್ಮತೆ ಹೆಚ್ಚಿಸುವ ಆಯ್ಕೆ ಇದೆಯಾ ನೋಡಿ. ಎಲ್ಲ ಫೋನುಗಳಲ್ಲಿ ಇರುವುದಿಲ್ಲ.

ಪಾಠಕ್ಕೆ ಮೊದಲು ಪ್ರತಿ ಫೋನಿನಲ್ಲೂ ಇಷ್ಟನ್ನು ಮಾಡಿಬಿಡಿ. ಆ್ಯಕ್ಸೆಸಿಬಿಲಿಟಿ ಒಳಗೆ 'ಟಚ್ ಆ್ಯಂಡ್ ಹೋಲ್ಡ್ ಡಿಲೇ' ಎಂಬುದನ್ನು ಲಾಂಗ್ ಮಾಡಿ. ಹೋಮ್ ಸ್ಕ್ರೀನ್ ಲೇಔಟ್ ಲಾಕ್ ಇದ್ದರೆ ಹಾಕಿ, ಗುರುತುಗಳು ಕದಲುವುದು ನಿಲ್ಲುತ್ತದೆ. ಬೆರಳು ಜಾರಿಸಿ ಹಿಂದೆ ಹೋಗುವ ವಿಧಾನ ತೆಗೆದು ಕೆಳಗಡೆ ಮೂರು ಬಟನ್ ಬರುವ ಹಾಗೆ ಮಾಡಿ. ಕಣ್ಣಿಗೆ ಕಾಣುವ ಬಟನ್ ಇಲ್ಲದೆ ಹಿಂದೆ ಬನ್ನಿ ಎಂದು ಹೇಳಿಕೊಡುವುದು ಕಲಿಸುವವರಿಗೂ ಕಷ್ಟ. ತೆರೆ ಆರುವ ಸಮಯ ಮೂವತ್ತು ಸೆಕೆಂಡ್ ಇದ್ದರೆ ಎರಡು ನಿಮಿಷಕ್ಕೆ ಏರಿಸಿ. ಆಟೋ ರೊಟೇಟ್ ತೆಗೆಯಿರಿ. ಅಕ್ಷರದ ಗಾತ್ರವನ್ನು ಒಂದೆರಡು ಹಂತ ಹೆಚ್ಚಿಸಿ, ತುತ್ತತುದಿಗೆ ಒಯ್ಯಬೇಡಿ. ಅಷ್ಟು ದೊಡ್ಡದಾದರೆ ಕೆಲವು ಆ್ಯಪುಗಳಲ್ಲಿ 'ಮುಂದೆ' ಎಂಬ ಬಟನ್ ತೆರೆಯಿಂದಾಚೆಗೆ ಹೋಗುತ್ತದೆ, ಕಲಿಯುವವರು ಇಲ್ಲದ ಬಟನ್ ಹುಡುಕುತ್ತಾ ಕೂರುತ್ತಾರೆ.

ಇನ್ನು ಬೆರಳಿನ ಅಭ್ಯಾಸ. ಮೊದಲು ಬರಿ ಮೇಜಿನ ಮೇಲೆ ತಟ್ಟಿಸಿ, ಟಕ್ಕೆಂದು ಸದ್ದು ಬರಬೇಕು. ಆಮೇಲೆ ಕ್ಯಾಲ್ಕುಲೇಟರ್ ತೆರೆದು ಅವರದೇ ಫೋನ್ ನಂಬರ್ ಹೊಡೆಸಿ. ಬಟನ್ ದೊಡ್ಡವು, ಏನೂ ಕೆಡುವುದಿಲ್ಲ, ಅಂಕಿ ಎರಡು ಸಲ ಬಿದ್ದರೆ ಅವರಿಗೇ ಕಾಣುತ್ತದೆ. ಹತ್ತಂಕಿ ತಪ್ಪಿಲ್ಲದೆ ಮೂರು ಸಲ ಬಂದ ಮೇಲೆ ಒತ್ತಿ ಹಿಡಿಯುವುದನ್ನು ಬೇರೆಯಾಗಿ ಕಲಿಸಿ, ವಾಟ್ಸ್‌ಆ್ಯಪ್‌ನ ಮೈಕ್ ಅದಕ್ಕೆ ಹೇಳಿ ಮಾಡಿಸಿದ್ದು. ಹಿಡಿದಿಟ್ಟು ಮಾತಾಡಲು ಆಗದವರು ಮೈಕನ್ನು ಮೇಲಕ್ಕೆ ಜಾರಿಸಿದರೆ ಬೀಗದ ಗುರುತಿಗೆ ಕೂರುತ್ತದೆ, ಬೆರಳು ತೆಗೆದು ಆರಾಮಾಗಿ ಮಾತಾಡಬಹುದು.

ಪ್ರಶ್ನೆ: ಓದಲು ಬಾರದವರಿಗೆ ಯುಪಿಐ ಕಲಿಸಬಹುದೇ? ಸಂತೆಯಲ್ಲಿ ಸೊಪ್ಪು ಮಾರುವವರು ಕೇಳುತ್ತಿದ್ದಾರೆ. ಕಲಿಸಿ ಏನಾದರೂ ಆದರೆ ನಮ್ಮ ತಲೆಗೆ ಬರುತ್ತದೆಂಬ ಹೆದರಿಕೆ.
– ಮದ್ದೂರು

ಉತ್ತರ: ದುಡ್ಡು ಪಡೆಯುವುದಕ್ಕೆ ಓದು ಬೇಕಿಲ್ಲ. ಕ್ಯೂಆರ್ ಹಾಳೆ, ಮೊತ್ತವನ್ನು ಕೂಗಿ ಹೇಳುವ ಸೌಂಡ್‌ಬಾಕ್ಸ್ ಇದ್ದರೆ ಸಾಕು. ಸೌಂಡ್‌ಬಾಕ್ಸಿಗೆ ಬಾಡಿಗೆ ಇದೆಯಾ, ತಿಂಗಳಿಗೆ ಎಷ್ಟು ಎಂದು ಮೊದಲೇ ಕೇಳಿಕೊಳ್ಳಲಿ. ಗಿರಾಕಿ ತನ್ನ ಫೋನಿನ ತೆರೆ ತೋರಿಸಿ 'ಹಾಕಿದ್ದೀನಿ' ಎಂದರೆ ನಂಬುವ ಹಾಗಿಲ್ಲ. ಪೆಟ್ಟಿಗೆ ಕೂಗಬೇಕು, ಇಲ್ಲವೇ ಬ್ಯಾಂಕ್ ಮೆಸೇಜ್ ಬರಬೇಕು.

ಕಳಿಸುವುದಕ್ಕೆ ಅಂಕಿ ಓದು ಬೇಕೇ ಬೇಕು. ಸೊಪ್ಪು ಮಾರುವವರಿಗೆ ಲೆಕ್ಕ ಬರುತ್ತದೆ, ನೋಟು ಗುರುತು ಸಿಗುತ್ತದೆ. ತೆರೆಯ ಮೇಲಿನ 500, 5000, 50.00 ಮೂರನ್ನೂ ತಟ್ಟನೆ ಬೇರೆ ಮಾಡಲು ಬರುತ್ತದೆಯೇ ಎಂಬುದು ಬೇರೆ ಮಾತು. ಮೂವತ್ತು ಚೀಟಿ ಬರೆದು, ಪ್ರತಿ ಚೀಟಿಗೆ ಅಷ್ಟು ನೋಟು ಎಣಿಸಿಡಲು ಹೇಳಿ. ಚುಕ್ಕಿಯ ಆಚೆಗಿನ ಎರಡು ಸೊನ್ನೆಯಲ್ಲಿ ಹೆಚ್ಚು ತಪ್ಪು ಬರುತ್ತದೆ. ಮೂವತ್ತೂ ಸರಿಯಾಗುವ ತನಕ ಪಿನ್ ಹಾಕಿಸಬೇಡಿ.

ಆಮೇಲಿನ ತೊಡಕು ಹೆಸರು ಓದುವುದು. ಪಿನ್ ಹಾಕುವ ಮೊದಲು ಯಾರಿಗೆ ಹೋಗುತ್ತಿದೆ ಎಂದು ಖಾತೆದಾರರ ಹೆಸರು ತೋರುತ್ತದೆ. 2025ರ ಜೂನ್ ಕೊನೆಯಿಂದ ಅದು ಬ್ಯಾಂಕಿನ ದಾಖಲೆಯಲ್ಲಿರುವ ಹೆಸರೇ ಆಗಿರಬೇಕೆಂಬ ನಿಯಮವೂ ಇದೆ. ಓದಲು ಬಾರದವರಿಗೆ ಇದರಿಂದ ಉಪಯೋಗವಿಲ್ಲ. ಅವರಿಗೆ ಬೇರೆ ದಾರಿ: ಹೊಸ ಅಂಗಡಿಯಲ್ಲಿ ಮೊದಲು ಒಂದು ರೂಪಾಯಿ, ಅಂಗಡಿಯ ಪೆಟ್ಟಿಗೆ ಕೂಗಿದ ಮೇಲೆ ಉಳಿದದ್ದು. ಸೆಲೆಕ್ಟ್ ಟು ಸ್ಪೀಕ್ ಎಂಬ ಸೌಲಭ್ಯ ಆನ್ ಮಾಡಿದರೆ ಮುಟ್ಟಿದ ಜಾಗದ ಬರಹವನ್ನು ಫೋನೇ ಓದಿ ಹೇಳುತ್ತದೆ. ಅವರು ಬಳಸುವ ಆ್ಯಪಿನಲ್ಲಿ ಅದು ಸರಿಯಾಗಿ ಓದುತ್ತದೆಯೇ ಎಂದು ನೀವು ಮೊದಲು ನೋಡಿ. ಕೀಪ್ಯಾಡ್ ಫೋನೇ ಇದ್ದರೆ *99# ಒತ್ತಿ ಕರೆ ಮಾಡುವ ದಾರಿ ಇದೆ, ನೆಟ್ ಬೇಡ, ಒಂದು ಸಲಕ್ಕೆ ಐದು ಸಾವಿರದ ಮಿತಿ. ಆದರೆ ಅದೂ ಬರಹದ ಪಟ್ಟಿ. ಓದು ಬಾರದವರಿಗೆ ಕಷ್ಟ ಕಡಿಮೆಯೇನಲ್ಲ.

ಪಿನ್ನನ್ನು ಮೊಮ್ಮಗನಿಗೆ ಹೇಳಿ ಅವನ ಕೈಲಿ ಮಾಡಿಸುವುದು ಬಹಳ ಮನೆಗಳ ಪದ್ಧತಿ. ಅದರ ಬದಲು ಯುಪಿಐ ಸರ್ಕಲ್ ನೋಡಿ. ಖಾತೆಯ ಯಜಮಾನರು ಮನೆಯ ಇನ್ನೊಬ್ಬರಿಗೆ ಮಿತಿ ಹಾಕಿ ಅನುಮತಿ ಕೊಡಬಹುದು, ಗರಿಷ್ಠ ತಿಂಗಳಿಗೆ 15,000. ಅಥವಾ ಅವರು ಕೇಳಿದಾಗಲೆಲ್ಲ ತಾವೇ ಪಿನ್ ಹಾಕಿ ಒಪ್ಪಬಹುದು. ಮಗನ ಖಾತೆಯಿಂದ ಅಮ್ಮ ಖರ್ಚು ಮಾಡುವ ಹಾಗೆ ಇಟ್ಟುಕೊಂಡರೆ ಅಮ್ಮನ ಉಳಿತಾಯದ ಖಾತೆ ಫೋನಿನಿಂದ ದೂರವೇ ಇರುತ್ತದೆ. ಅದೇ ಸರಿಯಾದ ಏರ್ಪಾಡು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಮೋಸದ ಬಗ್ಗೆ ಹೇಳಿದರೆ ಎಲ್ಲರೂ ಹೆದರಿ ಫೋನನ್ನೇ ಮುಚ್ಚಿಡುತ್ತಾರೆ. ಹೇಳದಿದ್ದರೆ ಸಿಕ್ಕಿಬೀಳುತ್ತಾರೆ. ಎಷ್ಟು ಹೇಳಬೇಕು?
– ಶ್ರೀರಂಗಪಟ್ಟಣ

ಉತ್ತರ: ಮೋಸದ ಕಥೆಗಳನ್ನು ಹೇಳುತ್ತಾ ಹೋದರೆ ಕೊನೆಯಿಲ್ಲ, ತಿಂಗಳಿಗೊಂದು ಹೊಸದು ಬರುತ್ತದೆ. ಕದಲದ ಸಂಗತಿಗಳನ್ನು ಕಲಿಸಿ. ಯುಪಿಐ ಪಿನ್ ಬೇಕಾಗುವುದು ದುಡ್ಡು ಕಳಿಸಲು ಮತ್ತು ಬ್ಯಾಲೆನ್ಸ್ ನೋಡಲು. ದುಡ್ಡು ಬರುವುದಕ್ಕೆ ಪಿನ್ ಬೇಡ, ಸ್ಕ್ಯಾನ್ ಮಾಡುವುದೂ ಬೇಡ. ಓಟಿಪಿಯನ್ನು ಫೋನಿನಲ್ಲಿ ಬಾಯಿಬಿಟ್ಟು ಹೇಳುವ ಸಂದರ್ಭವೇ ಬ್ಯಾಂಕ್ ಕೆಲಸದಲ್ಲಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ, ಹೆಸರಿನ ಕೊನೆಗೆ ಚುಕ್ಕಿ ಎಪಿಕೆ ಎಂದಿರುವ ಫೈಲನ್ನು ತೆರೆಯಬಾರದು. ಪಿಎಂ ಕಿಸಾನ್ ಎಂದಿರಲಿ, ಗಾಡಿ ದಂಡದ ಚಲನ್ ಎಂದಿರಲಿ, ಮದುವೆ ಕರೆಯೋಲೆ ಎಂದಿರಲಿ. ಅದು ಚಿತ್ರವಲ್ಲ, ಕಾಗದವಲ್ಲ, ಒಂದು ಆ್ಯಪು. ಒಳಗೆ ಕೂತರೆ ನಿಮಗೆ ಬರುವ ಓಟಿಪಿಯನ್ನು ತಾನೇ ಓದಿಕೊಳ್ಳಬಲ್ಲದು. ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ತೆಗೆದು, ವಾಟ್ಸ್‌ಆ್ಯಪ್ ಮತ್ತು ಬ್ರೌಸರ್ ಎದುರು ಅನುಮತಿ ಇಲ್ಲ ಎಂದಿದೆಯೇ ನೋಡಿ. ಎರಡು ನಿಮಿಷದ ಕೆಲಸ. ಪೊಲೀಸರು ವಿಡಿಯೊ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ, ಡಿಜಿಟಲ್ ಅರೆಸ್ಟ್ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಬ್ಯಾಂಕುಗಳ ಜಾಲತಾಣಗಳ ಹೆಸರು ಈಗ ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಕೊನೆಯಾಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಓದು ಬಲ್ಲವರಿಗೆ ಇದನ್ನೂ ಸೇರಿಸಿ.

ಹೆದರಿಕೆ ಹೋಗುವುದು, ಆದ ಮೇಲೆ ಏನು ಮಾಡಬೇಕೆಂದು ಕೈಗೆ ಗೊತ್ತಿದ್ದಾಗ. ಫೋನ್ ಕಟ್ ಮಾಡುವುದು, ಡೇಟಾ ಆಫ್ ಮಾಡುವುದು, ಇನ್ನೊಂದು ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಬ್ಯಾಂಕಿಗೆ ಕರೆ, ಮೆಸೇಜುಗಳನ್ನು ಅಳಿಸದೆ ಇಡುವುದು. ಇದನ್ನು ಬಾಯಲ್ಲಿ ಹೇಳಿಸದೆ ಮಾಡಿಸಿ, 1930ನ್ನು ಹೆಸರು ಹಾಕಿ ಉಳಿಸಿಕೊಳ್ಳುವುದೂ ಸೇರಿ. ಕರೆ ಮಾತ್ರ ಒತ್ತಬೇಡಿ. ತಡವಾದಷ್ಟೂ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿ ತಡೆಹಿಡಿಯಲು ಸಿಗುವುದಿಲ್ಲ. ಬೈಯುತ್ತಾರೆಂದು ಮನೆಯವರಿಗೆ ಹೇಳದೆ ಒಂದು ರಾತ್ರಿ ಕಳೆಯುವುದೇ ಹೆಚ್ಚಿನವರ ನಷ್ಟ. ಹಾಗಾಗಿ ಒಂದು ತರಗತಿಗೆ ಮಕ್ಕಳು ಸೊಸೆಯಂದಿರನ್ನೂ ಕರೆಸಿ.

ಪರೀಕ್ಷೆ ಮಾಡುವುದಾದರೆ ನಾಟಕ ಮಾಡಿ. ಮುಂದಿನ ಎರಡು ವಾರದಲ್ಲಿ ಯಾವಾಗಲಾದರೂ ಒಂದು ಸುಳ್ಳು ಕರೆ ಬರುತ್ತದೆ ಎಂದು ಮೊದಲೇ ತಿಳಿಸಿ, ಒಪ್ಪಿಗೆ ಪಡೆದು, ಪರಿಚಯವಿಲ್ಲದ ದನಿಯವರಿಂದ ಮಾಡಿಸಿ: 'ಕೆವೈಸಿ ಅವಧಿ ಮುಗಿದಿದೆ, ಸಂಜೆ ಒಳಗೆ ಖಾತೆ ಬಂದ್.' ಅವರು ನಿಜವಾದ ಅಂಕಿ ಹೇಳಲು ಬಾಯಿ ತೆರೆದ ಕೂಡಲೇ ತಡೆದು, ಕರೆ ಯಾರದೆಂದು ಹೇಳಿಬಿಡಬೇಕು. ಯಾರು ಸೋತರು ಎಂದು ತರಗತಿಯಲ್ಲಿ ಆಡಿಕೊಂಡಿರೋ, ಮುಂದಿನ ವಾರ ಅವರು ಬರುವುದಿಲ್ಲ.

ಪ್ರಶ್ನೆ: ಕನ್ನಡ ಟೈಪಿಂಗ್ ಯಾವಾಗ ಕಲಿಸಬೇಕು?
– ನಂಜನಗೂಡು

ಉತ್ತರ: ಫೋನಿನಲ್ಲಾದರೆ ಎರಡನೇ ವಾರ. ಗೂಗಲ್‌ನ ಕೀಬೋರ್ಡ್ ಆ್ಯಪ್ ಆದ ಜಿಬೋರ್ಡ್‌ನ ಭಾಷೆಗಳಲ್ಲಿ ಕನ್ನಡ ಸೇರಿಸುವಾಗ ಮೂರು ಬಗೆ ಕಾಣುತ್ತದೆ: ಕನ್ನಡ ಅಕ್ಷರದ ಕೀಬೋರ್ಡ್, ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಕನ್ನಡವಾಗುವುದು, ಬೆರಳಲ್ಲಿ ಬರೆಯುವುದು. ಇಂಗ್ಲಿಷ್ ಬಾರದವರಿಗೆ ಕೊನೆಯದು ಮೊದಲು. ಸ್ಲೇಟಿನ ಅಭ್ಯಾಸ ಇರುವ ಕೈ. ಮೈಕಿಗೆ ಹೇಳಿ ಬರೆಸುವುದನ್ನು ಕಡೆಗೆ ಇಟ್ಟುಕೊಳ್ಳಿ. ಅದು ತಪ್ಪು ಬರೆದಾಗ ತಿದ್ದಲು ಬಾರದಿದ್ದರೆ ಇನ್ನೊಂದು ಫಜೀತಿ, ಮಂಡ್ಯದ ಮಾತನ್ನು ಅದು ಅಷ್ಟೇನೂ ಚೆನ್ನಾಗಿ ಹಿಡಿಯುವುದಿಲ್ಲ.

ಕಂಪ್ಯೂಟರಿನಲ್ಲಿ ಕಲಿಸುವುದು ಕೆಲಸಕ್ಕೆ ಬೇಕಾದವರಿಗೆ ಮಾತ್ರ. ಒಂದು ಕೀಲಿಮಣೆ ವಿನ್ಯಾಸ ಹಿಡಿದು ಕೊನೆಯವರೆಗೂ ಅದರಲ್ಲೇ ಇರಿ. ಒತ್ತಕ್ಷರಕ್ಕೆ ನುಡಿ ವಿನ್ಯಾಸದಲ್ಲಿ ಎಫ್ ಕೀಲಿ, ಇನ್‌ಸ್ಕ್ರಿಪ್ಟ್‌ನಲ್ಲಿ ಡಿ. ಅರಿವು ಕೇಂದ್ರದ ಕಂಪ್ಯೂಟರಿನಲ್ಲಿ ಒಂದು, ಮನೆಯದರಲ್ಲಿ ಇನ್ನೊಂದು ಆದರೆ ಎರಡೂ ಕೈಗೆ ಹತ್ತುವುದಿಲ್ಲ.

ಪ್ರಶ್ನೆ: ನಾವು ಕೊಡುವ ಪ್ರಮಾಣಪತ್ರ ಸರ್ಕಾರಿ ಕೆಲಸಕ್ಕೆ ನಡೆಯುತ್ತದೆಯೇ ಎಂದು ಕೇಳುತ್ತಾರೆ.
– ಹುಣಸೂರು

ಉತ್ತರ: ಇಲ್ಲ. ರಾಜ್ಯ ಸರ್ಕಾರಿ ನೌಕರರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ 2012ರ ನಿಯಮಗಳ ಪ್ರಕಾರ ನಡೆಯುವ ಬೇರೆಯೇ ಪರೀಕ್ಷೆ. ನಿಮ್ಮ ಕಾಗದದ ಮೇಲೆ 'ಡಿಜಿಟಲ್ ಸಾಕ್ಷರರು' ಎಂದು ಅಚ್ಚು ಹಾಕುವ ಬದಲು, ಯಾವ ಯಾವ ಕೆಲಸವನ್ನು ಯಾರ ಸಹಾಯವೂ ಇಲ್ಲದೆ ಮಾಡಿದರು ಎಂದು ಬರೆದು ಕೊಡಿ. ಕೆಲಸ ಕೊಡುವ ಅಂಗಡಿಯವರಿಗೆ ಅದು ಹೆಚ್ಚು ತಿಳಿಯುತ್ತದೆ.

ಪ್ರಶ್ನೆ: ಮನೆಗೊಂದೇ ಫೋನ್. ಅದು ಬೆಳಿಗ್ಗೆ ಗಂಡನ ಜೊತೆ ಮೈಸೂರಿಗೆ ಕೆಲಸಕ್ಕೆ ಹೋದರೆ ರಾತ್ರಿಯೇ ಬರುವುದು. ತರಗತಿಯಲ್ಲಿ ಕಲಿತದ್ದನ್ನು ಅಭ್ಯಾಸ ಮಾಡುವುದೆಲ್ಲಿ?
– ಕೃಷ್ಣರಾಜಪೇಟೆ ತಾಲ್ಲೂಕು

ಉತ್ತರ: ಹಳೆಯ ಫೋನುಗಳನ್ನು ಬೇಡಿ ತನ್ನಿ, ಸಿಮ್ ಬೇಕಿಲ್ಲ. ಕೊಡುವವರು ತಮ್ಮ ಗೂಗಲ್ ಖಾತೆ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿಯೇ ಕೊಡಬೇಕು. ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಮತ್ತೆ ಆನ್ ಆದಾಗ ಹಳೆಯ ಖಾತೆಯ ಪಾಸ್‌ವರ್ಡ್ ಕೇಳಿ ಫೋನು ಅಲ್ಲೇ ನಿಲ್ಲುವುದುಂಟು. ಬ್ಯಾಟರಿ ಉಬ್ಬಿದ ಫೋನು ಯಾರು ಕೊಟ್ಟರೂ ಬೇಡ. ಫೋಟೊ, ಟೈಪಿಂಗ್, ಸೆಟ್ಟಿಂಗ್ಸ್, ಕ್ಯಾಲ್ಕುಲೇಟರ್ ಇವಕ್ಕೆ ನೆಟ್ಟೂ ಬೇಡ; ಹುಡುಕಾಟಕ್ಕೆ, ನಕ್ಷೆಗೆ ಅರಿವು ಕೇಂದ್ರದ ವೈಫೈ ಸಾಕು. ಮನೆಯ ಫೋನಿನಲ್ಲೇ ಆದರೆ, ಕೆಲವು ಕಂಪನಿಗಳ ಫೋನಿನಲ್ಲಿ ಮಲ್ಟಿಪಲ್ ಯೂಸರ್ಸ್ ಎಂಬ ಆಯ್ಕೆಯಿಂದ ಹೆಂಡತಿಗೆ ಬೇರೆಯದೇ ತೆರೆ ಮಾಡಿಕೊಡಬಹುದು.

ಯುಪಿಐ ಮಾತ್ರ ಹೀಗಾಗದು. ಬ್ಯಾಂಕ್ ಖಾತೆಗೆ ಜೋಡಿಸಿದ ನಂಬರಿನ ಸಿಮ್ ಅದೇ ಫೋನಿನಲ್ಲಿದ್ದು, ಅದರಿಂದಲೇ ಮೆಸೇಜ್ ಹೋಗಿ ಖಾತ್ರಿಯಾಗಬೇಕು. ಹಲವು ಹೆಂಗಸರ ಖಾತೆಗೆ ಗಂಡನ ಅಥವಾ ಮಗನ ನಂಬರೇ ಜೋಡಣೆಯಾಗಿರುತ್ತದೆ. ಪಾಠ ಶುರುವಾಗುವ ಮೊದಲೇ ಪ್ರತಿಯೊಬ್ಬರ ಖಾತೆಯಲ್ಲಿರುವ ನಂಬರ್ ಯಾವುದು, ಆಧಾರ್‌ನಲ್ಲಿರುವುದು ಯಾವುದು ಎಂದು ಒಂದು ಪಟ್ಟಿ ಮಾಡಿಕೊಳ್ಳಿ. ಎರಡೂ ಒಂದೇ ಆಗಿದ್ದರೆ ಎಟಿಎಂ ಕಾರ್ಡ್ ಇಲ್ಲದೆಯೂ ಆಧಾರ್ ಓಟಿಪಿಯಿಂದ ಪಿನ್ ಮಾಡಿಕೊಳ್ಳಬಹುದು. ಬೇರೆಯಾಗಿದ್ದರೆ ಪಾಸ್‌ಬುಕ್, ಆಧಾರ್ ಹಿಡಿದು ಶಾಖೆಗೆ ಹೋಗಿ ನಂಬರ್ ಬದಲಿಸಲು ಅರ್ಜಿ ಕೊಡಬೇಕು. ಆಧಾರ್‌ನಲ್ಲಿರುವ ನಂಬರನ್ನು ಆಧಾರ್ ಕೇಂದ್ರದಲ್ಲಿ ಬದಲಿಸಿಕೊಳ್ಳಬಹುದು. ಇವಕ್ಕೆಲ್ಲ ದಿನ ಹಿಡಿಯುತ್ತದೆ. ಆದ್ದರಿಂದ ಅರ್ಜಿಗಳನ್ನು ಮೊದಲ ವಾರವೇ ಹಾಕಿಸಿ, ಯುಪಿಐ ಪಾಠವನ್ನು ಕೊನೆಗೆ ಇಟ್ಟುಕೊಳ್ಳಿ.